ಕಸದಿಂದ ರಸ: ನಮ್ಮ ಶಾಲೆಗಳ ಪರಿಸರ ಪಾಠದ ವಿಮರ್ಶೆ

ಶಾಲೆಯ ವಸ್ತುಪ್ರದರ್ಶನಕ್ಕೆ ಹೋಗಿ ಬಂದವರಿಗೆಲ್ಲ 'ಕಸದಿಂದ ರಸ' ಎಂಬ ಫಲಕ ಹೊತ್ತ ಮೇಜಿನ ಪರಿಚಯ ಇದ್ದೇ ಇರುತ್ತದೆ. ನೀರಿನ ಬಾಟಲಿಯನ್ನು ಕತ್ತರಿಸಿ ಮಾಡಿದ ಹೂದಾನಿ, ಐಸ್‌ಕ್ರೀಂ ಕಡ್ಡಿಗಳಿಂದ ಕಟ್ಟಿದ ಪುಟ್ಟ ದೇವಾಲಯ, ಹಳೆಯ ಸಿ.ಡಿ.ಗಳನ್ನು ಪೋಣಿಸಿದ ಗೋಡೆಯ ಅಲಂಕಾರ, ಮದುವೆಯ ಕರೆಯೋಲೆಗಳನ್ನು ಕತ್ತರಿಸಿ ಅಂಟಿಸಿದ ಕ್ರಿಸ್ಮಸ್ ನಕ್ಷತ್ರ ಇವೆಲ್ಲ ಅಲ್ಲಿ ಸಾಲಾಗಿ ನಿಂತಿರುತ್ತವೆ. ತೀರ್ಪುಗಾರರು ಬಂದು ಅಂಕ ಬರೆದುಕೊಳ್ಳುತ್ತಾರೆ, ಸಂಚಾಲಕರಾದ ಗುರುಗಳು ಮೆಚ್ಚುಗೆಯ ಎರಡು ಮಾತನಾಡುತ್ತಾರೆ, ತಂದೆತಾಯಿಗಳು ಛಾಯಾಚಿತ್ರ ತೆಗೆದುಕೊಳ್ಳುತ್ತಾರೆ. ನಮ್ಮ ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ತ್ಯಾಜ್ಯದ ಬಗೆಗಿನ ಶಿಕ್ಷಣವೆಂದರೆ ಹೆಚ್ಚುಕಡಿಮೆ ಈ ಮೇಜೇ ಆಗಿಬಿಟ್ಟಿದೆ. ಕಾವ್ಯವನ್ನೋ ನಾಟಕವನ್ನೋ ವಿಮರ್ಶಿಸುವಂತೆ ಇದನ್ನೂ ವಿಮರ್ಶಿಸಬಾರದೇಕೆ? ಈ ಮೇಜು ಮಕ್ಕಳಿಗೆ ಏನನ್ನು ಹೇಳುತ್ತಿದೆ, ಏನನ್ನು ಹೇಳದೆ ಬಿಡುತ್ತಿದೆ ಎಂಬುದನ್ನು ಕೊಂಚ ನಿಧಾನವಾಗಿ ನೋಡೋಣ.

ಮೊದಲು ಆ ಬಾಟಲಿಯನ್ನೇ ಕೈಗೆತ್ತಿಕೊಳ್ಳಿ. ಅಂಗಡಿಯಲ್ಲಿ ಸಿಗುವ ಕುಡಿಯುವ ನೀರಿನ ಬಾಟಲಿ ಸಾಮಾನ್ಯವಾಗಿ 'ಪೆಟ್' ಎಂಬ ಜಾತಿಯ ಪ್ಲಾಸ್ಟಿಕ್ಕಿನದು; ಅದರ ತಳದಲ್ಲಿ ತ್ರಿಕೋನದೊಳಗೆ 1 ಎಂಬ ಅಂಕಿಯನ್ನು ನೀವು ಕಾಣಬಹುದು. ಗುಜರಿಯವನು ಸಂತೋಷದಿಂದ ಕೊಳ್ಳುವ ಕೆಲವೇ ಪ್ಲಾಸ್ಟಿಕ್ ವಸ್ತುಗಳಲ್ಲಿ ಅದೂ ಒಂದು. ಶುಚಿಯಾಗಿ ಹಾಗೆಯೇ ಕೊಟ್ಟರೆ ಅದು ಕಾರ್ಖಾನೆ ಸೇರಿ, ಚೂರಾಗಿ, ಕರಗಿ, ನೂಲಾಗಿ ಬಟ್ಟೆಯೂ ಆದೀತು. ಅದೇ ಬಾಟಲಿಗೆ ಬಣ್ಣ ಬಳಿದು, ಮಿನುಗುಪುಡಿ ಉದುರಿಸಿ, ಥರ್ಮೋಕೋಲಿನ ಪೀಠದ ಮೇಲೆ ಅಂಟು ಹಾಕಿ ಕೂರಿಸಿದ ಮೇಲೆ ಗುಜರಿಯವನು ಅದನ್ನು ಮುಟ್ಟಲಾರ. ಬಣ್ಣ, ಅಂಟು, ಮಿನುಗು, ಥರ್ಮೋಕೋಲುಗಳನ್ನು ಬೇರ್ಪಡಿಸುವ ಕೂಲಿ ಬಾಟಲಿಯ ಬೆಲೆಗಿಂತ ಹೆಚ್ಚು. ಸ್ಪರ್ಧೆಗೆ ಮುಂಚೆ ಮಾರಾಟಕ್ಕೆ ಯೋಗ್ಯವಾಗಿದ್ದ ವಸ್ತು ಸ್ಪರ್ಧೆ ಮುಗಿದ ಮೇಲೆ ನಿಜವಾದ ಕಸವಾಯಿತು. ಹೆಸರಿನಲ್ಲಿ ಕಸದಿಂದ ರಸ, ನಡೆದದ್ದು ರಸದಿಂದ ಕಸ.

ಥರ್ಮೋಕೋಲಿನ ಕಥೆಯಂತೂ ಇನ್ನೂ ವಿಚಿತ್ರ. ಅದರ ಬಹುಭಾಗ ಗಾಳಿಯೇ ಆಗಿರುವುದರಿಂದ ಗಾಡಿ ತುಂಬ ಹೇರಿದರೂ ತೂಕ ಬಾರದು. ತೂಕವಿಲ್ಲದ್ದಕ್ಕೆ ಗುಜರಿಯಲ್ಲಿ ಬೆಲೆಯಿಲ್ಲ. ಅಲಂಕಾರಕ್ಕಾಗಿ ಅದನ್ನು ಬಳಸುವುದನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಆದರೂ ವಸ್ತುಪ್ರದರ್ಶನದ ಹಿಂದಿನ ಸಂಜೆ ಶಾಲೆಯ ಸಮೀಪದ ಸ್ಟೇಷನರಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಹೊಸ ಐಸ್‌ಕ್ರೀಂ ಕಡ್ಡಿಗಳ ಕಟ್ಟು, ಹೊಸ ಸ್ಟ್ರಾಗಳು, ಬಣ್ಣದ ಹಾಳೆ, ಅಂಟಿನ ಡಬ್ಬಿ ಇವುಗಳನ್ನು ಕೊಳ್ಳಲು ಪಾಲಕರು ಮುಗಿಬಿದ್ದಿರುತ್ತಾರೆ. ಕಸವನ್ನೇ ಹಣ ಕೊಟ್ಟು ಖರೀದಿಸಬೇಕಾದ ಪರಿಸ್ಥಿತಿಯನ್ನು ನಾವೇ ನಿರ್ಮಿಸಿದ್ದೇವೆ.

ಇದನ್ನು ಓದುವ ಶಿಕ್ಷಕಿಯರಿಗೆ ನೋವಾಗಬಹುದು. ಅವರ ಶ್ರಮವನ್ನು ಕಡೆಗಣಿಸುವುದು ನನ್ನ ಉದ್ದೇಶವಲ್ಲ. ಮಗುವಿನ ಕೈಗೆ ಕತ್ತರಿ, ಕಾಗದ ಕೊಟ್ಟರೆ ಅದರ ಕಲ್ಪನೆ ಅರಳುತ್ತದೆ ಎಂಬುದು ನಿರ್ವಿವಾದ. ಎಸೆಯುವ ಮುನ್ನ ಒಂದು ವಸ್ತುವನ್ನು ತಿರುಗಿಸಿ ನೋಡುವ ಅಭ್ಯಾಸವೂ ಒಳ್ಳೆಯದೇ. ಅದನ್ನು ಕರಕುಶಲ ಕಲೆ ಎಂದು ಕರೆದು ಅಂಕ ಕೊಟ್ಟರೆ ಯಾರ ತಕರಾರೂ ಇರದು. ತಕರಾರು ಇರುವುದು ಅದನ್ನೇ ಪರಿಸರ ಸಂರಕ್ಷಣೆಯೆಂದು ಕರೆದು, ಬಹುಮಾನ ಕೊಟ್ಟು, ಶಾಲೆಯ ವಾರ್ಷಿಕ ವರದಿಯಲ್ಲಿ ಒಂದು ಸಾಲು ಬರೆದು ಕರ್ತವ್ಯ ಮುಗಿಯಿತೆಂದು ಭಾವಿಸುವ ಬಗ್ಗೆ.

ಮಕ್ಕಳ ಪಠ್ಯದಲ್ಲಿ ಮೂರು ಮಾತುಗಳು ಬರುತ್ತವೆ: ಮಿತಬಳಕೆ, ಮರುಬಳಕೆ, ಮರುಸಂಸ್ಕರಣೆ. ಈ ಮೂರು ಮಾತುಗಳಿಗೆ ಒಂದು ಅನುಕ್ರಮವಿದೆ ಎಂಬುದನ್ನು ನಮ್ಮ ಶಾಲೆಗಳು ಮರೆತಿವೆ. ಮೊದಲಿನದು ಬೇಡವಾದದ್ದನ್ನು ಕೊಳ್ಳದಿರುವುದು. ಎರಡನೆಯದು ಕೊಂಡದ್ದನ್ನು ಮತ್ತೆ ಮತ್ತೆ ಬಳಸುವುದು. ಇವೆರಡೂ ಸಾಧ್ಯವಾಗದೆ ಉಳಿದದ್ದಕ್ಕೆ ಮಾತ್ರ ಮೂರನೆಯದು. ಮರುಸಂಸ್ಕರಣೆಗೆ ಕೊನೆಯ ಸ್ಥಾನ ಸಿಕ್ಕಿರುವುದಕ್ಕೆ ಕಾರಣವಿದೆ. ಕಾಗದವನ್ನು ಅರೆದು ಮತ್ತೆ ಕಾಗದ ಮಾಡಿದಂತೆಲ್ಲ ಅದರ ನಾರು ಗಿಡ್ಡವಾಗುತ್ತ ಹೋಗಿ, ಕೆಲವು ಸುತ್ತುಗಳ ನಂತರ ಹಾಳೆಯಾಗಿ ನಿಲ್ಲುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ಕೂ ಹಾಗೆಯೇ ಪ್ರತಿ ಸಲ ಕರಗಿದಾಗ ಕೆಳದರ್ಜೆಗೆ ಇಳಿಯುತ್ತದೆ. ಮಕ್ಕಳ ಚೀಲದಲ್ಲಿ ಸಿಗುವ ಚಿಪ್ಸ್ ಪೊಟ್ಟಣವಂತೂ ತೆಳುವಾದ ಬೇರೆ ಬೇರೆ ಪದರಗಳನ್ನು ಒಂದಕ್ಕೊಂದು ಬೆಸೆದು ಮಾಡಿದ್ದು. ಆ ಪದರಗಳನ್ನು ಬಿಡಿಸುವುದು ಲಾಭದ ವ್ಯವಹಾರವಲ್ಲವಾದ್ದರಿಂದ ಗುಜರಿಯಲ್ಲಿ ಅದಕ್ಕೆ ಜಾಗವಿಲ್ಲ. ಹೀಗಿರುವಾಗ ಶಾಲೆಯು ಮೂರನೆಯ ಮಾತನ್ನೇ ಮೊದಲು ಹಿಡಿದುಕೊಂಡದ್ದು ಏಕೆ? ಉತ್ತರ ಸರಳ. ಮೊದಲನೆಯದನ್ನು ಪಾಲಿಸಬೇಕಾದವರು ಹಿರಿಯರು, ಆಡಳಿತದವರು, ಪಟ್ಟಿ ತಯಾರಿಸುವವರು, ಖರೀದಿ ಮಾಡುವವರು. ಮೂರನೆಯದನ್ನು ಮಕ್ಕಳಿಗೆ ಒಪ್ಪಿಸಿಬಿಡಬಹುದು. ಜೊತೆಗೆ, ಕೊಳ್ಳದೆ ಬಿಟ್ಟ ವಸ್ತುವನ್ನು ಯಾವ ಮೇಜಿನ ಮೇಲೂ ಪ್ರದರ್ಶನಕ್ಕೆ ಇಡಲಾಗದು.

ಜಗದ್ಗುರು ಫ್ರಾನ್ಸಿಸರ 'ಲೌದಾತೊ ಸಿ' ವಿಶ್ವಪರಿಪತ್ರವನ್ನು ನಮ್ಮ ಶಾಲೆಗಳು ಓದಿಕೊಂಡ ರೀತಿಯಲ್ಲೂ ಇದೇ ತಿರುವುಮುರುವು ಕಾಣುತ್ತದೆ. 2015ರ ಮೇ 24ರಂದು ಅವರು ಸಹಿ ಹಾಕಿ, ಜೂನ್ 18ರಂದು ಪ್ರಕಟವಾದ ಆ ಪತ್ರಕ್ಕೆ 2025ರಲ್ಲಿ ಹತ್ತು ವರ್ಷ ತುಂಬಿತು. ಅದೇ ವರ್ಷ ಏಪ್ರಿಲ್ 21ರಂದು ಅದನ್ನು ಬರೆದವರು ದೈವಾಧೀನರಾದರು. ಜೂನ್ 5ರ ವಿಶ್ವ ಪರಿಸರ ದಿನದಂದು ಅವರ ಭಾವಚಿತ್ರವಿರುವ ಫಲಕ ಕಟ್ಟಿ, ಅಂಗಳದಲ್ಲಿ ಒಂದು ಸಸಿ ನೆಟ್ಟು ನಾವು ಪತ್ರಕ್ಕೆ ಗೌರವ ಸಲ್ಲಿಸುತ್ತೇವೆ. ಆ ಫಲಕ ಎಷ್ಟೋ ಕಡೆ ಫ್ಲೆಕ್ಸಿನದು. ಕರ್ನಾಟಕ ಸರ್ಕಾರ 2016ರ ಮಾರ್ಚ್ ತಿಂಗಳಲ್ಲಿ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಹೊರಡಿಸಿದಾಗ ಕೈಚೀಲ, ತಟ್ಟೆ, ಲೋಟ, ಚಮಚಗಳ ಜೊತೆಗೆ ಫ್ಲೆಕ್ಸನ್ನೂ ಹೆಸರಿಸಿ ಸೇರಿಸಿತ್ತು. ನಿಷೇಧಿತ ವಸ್ತುವಿನ ಮೇಲೆ ಪರಿಸರದ ಸಂದೇಶ ಮುದ್ರಿಸುವುದನ್ನು ಏನೆಂದು ಕರೆಯಬೇಕೋ ನೀವೇ ನಿರ್ಧರಿಸಿ.

ಪತ್ರದಲ್ಲಿ ಇರುವುದಾದರೂ ಏನು? ಅದರ 22ನೆಯ ಪರಿಚ್ಛೇದ ಬಿಸಾಡುವ ಸಂಸ್ಕೃತಿಯ ವಿಚಾರವಾಗಿ ಮಾತನಾಡುತ್ತದೆ. ವಸ್ತುಗಳನ್ನು ಕಸವಾಗಿಸುವ ಮನೋಭಾವವೇ ಮನುಷ್ಯರನ್ನೂ ಬದಿಗೆ ತಳ್ಳುತ್ತದೆ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಅಲ್ಲಿ ಉದಾಹರಣೆಗೆ ಆರಿಸಿಕೊಂಡ ವಸ್ತು ಕಾಗದ, ಅಂದರೆ ಶಾಲೆಗಳಿಗೆ ಅತ್ಯಂತ ಹತ್ತಿರದ್ದು. ಪರಿಸರ ಶಿಕ್ಷಣವನ್ನು ಕುರಿತ 211ನೆಯ ಪರಿಚ್ಛೇದದಲ್ಲಿ ನಿತ್ಯದ ಸಣ್ಣ ಕೆಲಸಗಳ ಒಂದು ಪಟ್ಟಿ ಬರುತ್ತದೆ. ಗಿಡ ನೆಡುವುದು ಅದರಲ್ಲಿದೆ, ಆದರೆ ಅದು ಬರುವುದು ಪಟ್ಟಿಯ ಕೊನೆಯ ಭಾಗದಲ್ಲಿ. ಪ್ಲಾಸ್ಟಿಕ್ ಮತ್ತು ಕಾಗದದ ಬಳಕೆಯನ್ನು ತಪ್ಪಿಸುವುದು, ನೀರನ್ನು ಮಿತವಾಗಿ ಬಳಸುವುದು, ಕಸವನ್ನು ಬೇರ್ಪಡಿಸುವುದು, ಉಣ್ಣುವಷ್ಟನ್ನೇ ಬೇಯಿಸುವುದು ಇವೆಲ್ಲ ಅದಕ್ಕಿಂತ ಮುಂಚೆ ಬರುತ್ತವೆ. ನಾವು ಪಟ್ಟಿಯಿಂದ ಛಾಯಾಚಿತ್ರಕ್ಕೆ ಒಗ್ಗುವುದನ್ನು ಮಾತ್ರ ಆರಿಸಿಕೊಂಡೆವು.

ಶುಭಸಂದೇಶದಲ್ಲೇ ಶಾಲೆಗೆ ತಕ್ಕುದಾದ ಒಂದು ಪ್ರಸಂಗವಿದೆ. ಐದು ಸಾವಿರ ಜನರಿಗೆ ಊಟವಿತ್ತ ಸಂಗತಿಯನ್ನು ನಾಲ್ವರು ಶುಭಸಂದೇಶಕಾರರೂ ಹೇಳುತ್ತಾರೆ. ಆದರೆ ಜವೆಗೋದಿಯ ಐದು ರೊಟ್ಟಿ, ಎರಡು ಮೀನು ಇದ್ದದ್ದು ಒಬ್ಬ ಹುಡುಗನ ಬಳಿ ಎಂದು ಹೇಳುವವರು ಸಂತ ಯೊವಾನ್ನರು ಮಾತ್ರ. ಎಲ್ಲರೂ ಉಂಡು ತೃಪ್ತರಾದ ಮೇಲೆ ಮಿಕ್ಕ ತುಣುಕುಗಳು ಹಾಳಾಗದಂತೆ ಒಟ್ಟುಗೂಡಿಸಿರೆಂದು ಯೇಸುಸ್ವಾಮಿ ಹೇಳಿದ್ದನ್ನು ದಾಖಲಿಸಿದವರೂ ಅವರೇ. ಅದು ಆರನೆಯ ಅಧ್ಯಾಯದಲ್ಲಿದೆ, ಬಿಡುವಾದಾಗ ತೆರೆದು ನೋಡಿ. ಆ ಮಾತನ್ನು ಸ್ವಾಮಿ ಯಾರಿಗೆ ಹೇಳಿದರು? ರೊಟ್ಟಿ ಕೊಟ್ಟ ಹುಡುಗನಿಗಲ್ಲ, ಬಾಡಿಗೆಗೆ ಕರೆತಂದ ಆಳುಗಳಿಗೂ ಅಲ್ಲ, ತಮ್ಮ ಶಿಷ್ಯರಿಗೆ. ಮುಂದೆ ಧರ್ಮಸಭೆಯ ಹೊಣೆ ಹೊರಲಿದ್ದವರು ಬಾಗಿ, ಹುಲ್ಲಿನ ಮೇಲಿನ ರೊಟ್ಟಿಯ ತುಣುಕುಗಳನ್ನು ಆಯ್ದು ಹನ್ನೆರಡು ಬುಟ್ಟಿಗಳನ್ನು ತುಂಬಿಸಿದರು. ಪವಾಡದ ಬಗ್ಗೆ ನಾವು ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ, ಬುಟ್ಟಿ ಹೊತ್ತವರ ಬಗ್ಗೆ ಕೇಳಿದ್ದು ಕಡಿಮೆ. ಜಗದ್ಗುರು ಫ್ರಾನ್ಸಿಸರು ಮಾತ್ರ 2013ರ ಜೂನ್ 5ರಂದು, ಪದವಿಗೆ ಬಂದ ಮೂರೇ ತಿಂಗಳಲ್ಲಿ, ಆಹಾರ ಪೋಲಾಗುವುದನ್ನು ಕುರಿತು ಮಾತನಾಡುತ್ತ ಆ ಹನ್ನೆರಡು ಬುಟ್ಟಿಗಳನ್ನು ನೆನಪಿಸಿದ್ದರು.

ನಮ್ಮ ಶಾಲೆಗಳಲ್ಲಿ ಆ ಬುಟ್ಟಿಯನ್ನು ಹೊರುವವಳು ಆಯಮ್ಮ. ಸಂಜೆ ಗಂಟೆ ಬಾರಿಸಿ ಮಕ್ಕಳೆಲ್ಲ ಹೊರಟ ಮೇಲೆ ಒಂದೊಂದು ತರಗತಿಯ ಬುಟ್ಟಿಯನ್ನೂ ಬಗ್ಗಿಸಿ, ಅರ್ಧ ತಿಂದ ಇಡ್ಲಿಯನ್ನೂ ಪೆನ್ಸಿಲ್ ಹೆರೆದ ಸಿಪ್ಪೆಯನ್ನೂ ಚಾಕೊಲೇಟಿನ ಹೊದಿಕೆಯನ್ನೂ ಕೈಯಿಂದ ಬೇರೆ ಮಾಡುವವಳು ಅವಳು. ಪ್ರೌಢಶಾಲೆಯ ಹೆಣ್ಣುಮಕ್ಕಳ ಶೌಚಾಲಯದ ಕಸವನ್ನು ವಿಲೇವಾರಿ ಮಾಡುವವಳೂ ಅವಳೇ. ಇಂಥ ಪತ್ರಿಕೆಯಲ್ಲಿ ಆ ವಿಷಯವನ್ನು ಎತ್ತುವುದು ಕೆಲವರಿಗೆ ಮುಜುಗರವೆನಿಸೀತು, ಆದರೆ ಬರಿಗೈಯಲ್ಲಿ ಅದನ್ನು ಎತ್ತುವವಳ ಮುಜುಗರದ ಮುಂದೆ ನಮ್ಮದು ಯಾವ ಲೆಕ್ಕ? ಕಾಗದದಲ್ಲಿ ಸುತ್ತಿ ಪ್ರತ್ಯೇಕ ಡಬ್ಬಿಗೆ ಹಾಕಬೇಕೆಂದು ಹುಡುಗಿಯರಿಗೆ ತಿಳಿಹೇಳುವುದಕ್ಕೆ, ಆಯಮ್ಮನಿಗೆ ಒಂದು ಜೊತೆ ಕೈಗವಸು ಕೊಡುವುದಕ್ಕೆ ಯಾವ ಸ್ಪರ್ಧೆಯೂ ಬೇಕಿಲ್ಲ. ಮೂರು ಬುಟ್ಟಿಗಳನ್ನು ತರಗತಿಯ ಬಾಗಿಲಲ್ಲಿಟ್ಟು, ಹಸಿ ಕಸ ಒಂದರಲ್ಲಿ, ಕಾಗದ ಒಂದರಲ್ಲಿ, ಪ್ಲಾಸ್ಟಿಕ್ ಮತ್ತೊಂದರಲ್ಲಿ ಎಂದು ಹೇಳಿ, ವಾರಕ್ಕೊಂದು ಗುಂಪಿನಂತೆ ಮಕ್ಕಳೂ ಶಿಕ್ಷಕರೂ ಸೇರಿ ಅವುಗಳನ್ನು ಹೊತ್ತೊಯ್ಯುವ ಕ್ರಮವಿದ್ದರೆ ಅದು ಯೊವಾನ್ನರ ಶುಭಸಂದೇಶಕ್ಕೆ ಹೆಚ್ಚು ಹತ್ತಿರವಾದೀತು.

ಈಗ ಶಾಲೆಯ ಕಸದ ಮೂಲಗಳಿಗೆ ಬರೋಣ. ಅತಿ ದೊಡ್ಡ ಮೂಲ ತರಗತಿಯ ಬುಟ್ಟಿಯಲ್ಲಿ ಕಾಣಸಿಗುವುದಿಲ್ಲ. ಅದು ಪುಸ್ತಕದ ಪಟ್ಟಿಯಲ್ಲಿದೆ. ನಿಮ್ಮಲ್ಲಿ ನಲವತ್ತು ದಾಟಿದವರು ನೆನಪಿಸಿಕೊಳ್ಳಿ. ಪರೀಕ್ಷೆ ಮುಗಿದ ಮರುದಿನವೇ ಮೇಲಿನ ತರಗತಿಯವರ ಮನೆಗೆ ಹೋಗಿ ಅರ್ಧ ಬೆಲೆಗೆ ಪಠ್ಯಪುಸ್ತಕಗಳನ್ನು ತರುತ್ತಿದ್ದೆವು. ಅಣ್ಣನ ಪುಸ್ತಕ ತಂಗಿಗೆ, ತಂಗಿಯದು ಪಕ್ಕದ ಮನೆಯ ಮಗುವಿಗೆ. ಹಳೆಯ ನೋಟುಬುಕ್ಕುಗಳ ಖಾಲಿ ಹಾಳೆಗಳನ್ನು ಬಿಡಿಸಿ, ದಪ್ಪ ಸೂಜಿಯಿಂದ ಹೊಲಿದು ತಾಯಂದಿರು ಮಾಡಿಕೊಡುತ್ತಿದ್ದ ರಫ್ ಪುಸ್ತಕ ಇಡೀ ವರ್ಷ ಬಾಳುತ್ತಿತ್ತು. ಅದಕ್ಕೆ ಮರುಬಳಕೆ ಎಂಬ ಹೆಸರೂ ಇರಲಿಲ್ಲ, ಬಹುಮಾನವೂ ಇರಲಿಲ್ಲ. ಬಡತನದಿಂದ ಹುಟ್ಟಿದ ಆ ಅಭ್ಯಾಸವನ್ನು ಬಡತನ ಕಳೆದ ಮೇಲೂ ಉಳಿಸಿಕೊಳ್ಳಬಹುದಿತ್ತು.

ಇಂದು ಎಷ್ಟೋ ಆಂಗ್ಲ ಮಾಧ್ಯಮ ಶಾಲೆಗಳು ಹೇಳಿಕೊಡುವ ಖಾಸಗಿ ಪ್ರಕಾಶಕರ ಪುಸ್ತಕಗಳಲ್ಲಿ ಪ್ರತಿ ಪಾಠದ ಕೊನೆಗೆ ಬಿಟ್ಟ ಸ್ಥಳ ತುಂಬುವ, ಹೊಂದಿಸಿ ಬರೆಯುವ, ಬಣ್ಣ ಹಚ್ಚುವ ಪುಟಗಳು ಇರುತ್ತವೆ. ಉತ್ತರವನ್ನು ಪುಸ್ತಕದಲ್ಲೇ ಬರೆಯಬೇಕು. ಒಮ್ಮೆ ಬರೆದರೆ ಆ ಪುಸ್ತಕ ಇನ್ನೊಬ್ಬರಿಗೆ ದಾಟುವಂತಿಲ್ಲ. ನುಣುಪಾದ ಹಾಳೆಯ, ಬಣ್ಣದ ಮುದ್ರಣದ, ನೂರಾರು ರೂಪಾಯಿ ಬೆಲೆಯ ಒಂದು ಗ್ರಂಥ ಹತ್ತು ತಿಂಗಳಲ್ಲಿ ತೂಕದ ಕಾಗದವಾಗುತ್ತದೆ. ಅದರ ಮೇಲೆ ಎರಡು ವರ್ಷಕ್ಕೊಮ್ಮೆ ಪ್ರಕಾಶಕರನ್ನೇ ಬದಲಿಸಿದರೆ ಬರೆಯದೆ ಜೋಪಾನವಾಗಿಟ್ಟ ಪುಸ್ತಕವೂ ನಿಷ್ಪ್ರಯೋಜಕ. ಶಾಲೆಯ ಹೆಸರು ಅಚ್ಚಾದ ನೋಟುಬುಕ್ಕುಗಳನ್ನು ಶಾಲೆಯಲ್ಲೇ ಕೊಳ್ಳಬೇಕೆಂಬ ನಿಯಮವಿದ್ದಲ್ಲಿ ಕಳೆದ ವರ್ಷದ ಅರ್ಧ ಖಾಲಿ ಪುಸ್ತಕಕ್ಕೆ ತರಗತಿಯೊಳಗೆ ಪ್ರವೇಶವಿಲ್ಲ. ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ! ಮಳೆಗಾಲದ ನಾಡಿನಲ್ಲಿ ಅದಕ್ಕೆ ಅರ್ಥವಿಲ್ಲವೆನ್ನಲಾರೆ, ಆದರೆ ಕಳೆದ ವರ್ಷದ ಹೊದಿಕೆಯನ್ನೇ ಮತ್ತೆ ಹಾಕಿದರೆ ಮಗುವನ್ನು ಎದ್ದು ನಿಲ್ಲಿಸುವುದೇಕೆ?

ಊಟದ ವಿಷಯದಲ್ಲಿ ನಮ್ಮ ಆವರಣದೊಳಗೇ ಒಂದು ಹೋಲಿಕೆ ಸಿದ್ಧವಾಗಿ ನಿಂತಿದೆ. ಒಂದೇ ಆಡಳಿತದ ಕೆಳಗೆ, ಒಂದೇ ಮೈದಾನದ ಆಚೆ ಈಚೆ, ಅನುದಾನಿತ ಕನ್ನಡ ಶಾಲೆಯೂ ಆಂಗ್ಲ ಮಾಧ್ಯಮ ಶಾಲೆಯೂ ಇರುವ ಧರ್ಮಕೇಂದ್ರಗಳು ನಮ್ಮಲ್ಲಿ ಬಹಳ. ಕನ್ನಡ ಶಾಲೆಯ ಮಕ್ಕಳು ಅಕ್ಷರ ದಾಸೋಹದ ಅನ್ನ ಸಾರನ್ನು ಸ್ಟೀಲಿನ ತಟ್ಟೆಯಲ್ಲಿ ಉಂಡು, ನಲ್ಲಿಯ ಬಳಿ ಸಾಲುಗಟ್ಟಿ ತಟ್ಟೆ ತೊಳೆದು ಇಡುತ್ತಾರೆ. ಹೊಟ್ಟೆಗೆ ಬೇಕಾದಷ್ಟನ್ನೇ ಹಾಕಿಸಿಕೊಳ್ಳುವುದು ಅಲ್ಲಿ ಬಹುಬೇಗ ರೂಢಿಯಾಗುತ್ತದೆ. ಮೈದಾನದ ಆಚೆ ಬದಿಯಲ್ಲಿ ಬುತ್ತಿಯ ಜೊತೆಗೆ ಪೊಟ್ಟಣದ ತಿಂಡಿ, ಸ್ಟ್ರಾ ಅಂಟಿಸಿದ ಹಣ್ಣಿನ ರಸದ ಡಬ್ಬಿ, ಹುಟ್ಟುಹಬ್ಬವಾದರೆ ಇಡೀ ತರಗತಿಗೆ ಹೊದಿಕೆ ಸುತ್ತಿದ ಚಾಕೊಲೇಟು. ಪರಿಸರದ ಫಲಕ ಮಾತ್ರ ಆಂಗ್ಲ ಮಾಧ್ಯಮ ಶಾಲೆಯ ಗೋಡೆಯಲ್ಲಿದೆ. ಕನ್ನಡ ಶಾಲೆಯ ಮಕ್ಕಳಿಂದ ಕಲಿಯಬೇಕಾದ್ದು ಏನಾದರೂ ಉಂಟು ಎಂದು ನಮಗೆ ಹೊಳೆಯದೆ ಹೋದದ್ದು ವಿಷಾದದ ಸಂಗತಿ. ಹುಟ್ಟುಹಬ್ಬಕ್ಕೆ ಚಾಕೊಲೇಟಿನ ಬದಲು ಗ್ರಂಥಾಲಯಕ್ಕೊಂದು ಪುಸ್ತಕ ಕೊಡುವ ಪದ್ಧತಿಯನ್ನು ಕೆಲವು ಶಾಲೆಗಳು ಆರಂಭಿಸಿವೆ, ಅವುಗಳಿಗೆ ಅಭಿನಂದನೆ ಸಲ್ಲಬೇಕು.

ವಾರ್ಷಿಕೋತ್ಸವದ ಬಗ್ಗೆ ಹೆಚ್ಚು ಹೇಳಲಾರೆ. ಒಂದೇ ಸಂಜೆಗೆ ಹೊಲಿಸಿದ ನೃತ್ಯದ ಉಡುಪು, ಅತಿಥಿಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಹೂಗುಚ್ಛ, ಯಾರ ಮನೆಯ ಕಪಾಟಿನಲ್ಲೂ ಜಾಗವಿಲ್ಲದ ಸ್ಮರಣಿಕೆ. ಅತಿಥಿಗಳೇ ಅವುಗಳನ್ನು ಕಾರಿನ ಹಿಂಬದಿಯಲ್ಲಿ ಮರೆಯುತ್ತಾರೆ.

ಶಾಲೆಯ ಗೇಟು ದಾಟಿದ ಕಸ ಎಲ್ಲಿಗೆ ಹೋಗುತ್ತದೆಂದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು? ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳ ಪಕ್ಕ ಬೆಟ್ಟವಾಗಿ ಬೆಳೆಯಿತು. ನೊಣ, ದುರ್ವಾಸನೆ, ಕೆಟ್ಟ ನೀರು ಇವುಗಳಿಂದ ಬೇಸತ್ತ ಹಳ್ಳಿಗರು ರಸ್ತೆಗಿಳಿದು ಲಾರಿ ತಡೆದ ಮೇಲೆಯೇ 2012ರಲ್ಲಿ ಮಾವಳ್ಳಿಪುರಕ್ಕೂ, 2014ರ ಕೊನೆಗೆ ಮಂಡೂರಿಗೂ ಕಸ ಸಾಗಿಸುವುದು ನಿಂತದ್ದು. ಮನೆಮನೆಯಲ್ಲೂ ಕಸವನ್ನು ಹಸಿ, ಒಣ, ನೈರ್ಮಲ್ಯ ತ್ಯಾಜ್ಯವೆಂದು ಮೂರಾಗಿ ಬೇರ್ಪಡಿಸಲೇಬೇಕೆಂದು 2015ರ ಡಿಸೆಂಬರಿನಲ್ಲಿ ಹೈಕೋರ್ಟು ಆ ನಗರಕ್ಕೆ ಆದೇಶಿಸಬೇಕಾಯಿತು. ಶಾಲೆ ಕಲಿಸದ ಪಾಠವನ್ನು ನ್ಯಾಯಾಲಯ ಕಲಿಸಿತು ಎನ್ನೋಣವೇ? ಕರಾವಳಿಯವರು ಇದನ್ನು ಬೆಂಗಳೂರಿನ ಸಮಸ್ಯೆ ಎಂದು ತಳ್ಳಿಹಾಕುವಂತಿಲ್ಲ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಬೆಟ್ಟ ಜಾರಿ, ಕೆಳಗಿನ ಮಂದಾರ ಎಂಬ ಜನವಸತಿಯ ಮೇಲೆ ನದಿಯಂತೆ ಹರಿಯಿತು. ಅಡಕೆ ತೆಂಗಿನ ತೋಟಗಳು ಹೂತುಹೋದವು, ಮನೆಗಳು ಹೂತುಹೋದವು, ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆಮಠ ಬಿಟ್ಟು ಹೊರಡಬೇಕಾಯಿತು. ಶಾಲೆ ಕಾಲೇಜುಗಳಿಗೆ ಹೆಸರಾದ ಊರು ಮಂಗಳೂರು. ಆ ಬೆಟ್ಟದಲ್ಲಿ ಪ್ರತಿಯೊಂದು ಸಂಸ್ಥೆಯ ಬುಟ್ಟಿಯ ಪಾಲೂ ಇತ್ತೆಂದು ಒಪ್ಪಿಕೊಳ್ಳಲು ಯಾವ ತನಿಖಾ ಆಯೋಗವೂ ಬೇಡ. ವಿಜ್ಞಾನ ಕೇಂದ್ರಕ್ಕೆ, ಮೃಗಾಲಯಕ್ಕೆ ಪ್ರವಾಸ ಕರೆದೊಯ್ಯುವ ಶಾಲೆಗಳು ಎಂಟನೆಯ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ ಊರಿನ ಕಸ ವಿಲೇವಾರಿ ಘಟಕಕ್ಕೂ ಒಂದು ಗುಜರಿ ಅಂಗಡಿಗೂ ಕರೆದೊಯ್ಯಲಿ. ಯಾವುದಕ್ಕೆ ಬೆಲೆಯಿದೆ, ಯಾವುದಕ್ಕಿಲ್ಲ ಎಂಬುದನ್ನು ಅಲ್ಲಿ ಆಯ್ದು ಕುಳಿತ ಹೆಂಗಸರಷ್ಟು ಚೆನ್ನಾಗಿ ಹೇಳಬಲ್ಲ ಶಿಕ್ಷಕರು ಯಾವ ಶಾಲೆಯಲ್ಲೂ ಇಲ್ಲ. ಚಿಂದಿ ಆಯುವವರೆಂದು ಮೂಗು ಮುಚ್ಚಿಕೊಂಡು ದಾಟಿಹೋಗುವ ನಾವು ಅವರನ್ನು ಒಮ್ಮೆ ತರಗತಿಗೆ ಕರೆದು ಕುರ್ಚಿ ಕೊಟ್ಟು ಮಾತನಾಡಿಸಿದರೆ, 22ನೆಯ ಪರಿಚ್ಛೇದವನ್ನು ಮಕ್ಕಳು ಓದದೆಯೇ ಅರಿತಾರು.

ಆಡಳಿತದವರನ್ನು ಕೇಳಿದರೆ, ಪಾಲಕರೇ ಆಡಂಬರ ಬಯಸುತ್ತಾರೆ, ಇಲ್ಲದಿದ್ದರೆ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುತ್ತಾರೆ ಎನ್ನುತ್ತಾರೆ. ಪಾಲಕರನ್ನು ಕೇಳಿದರೆ, ಶಾಲೆ ಹೇಳಿದ್ದನ್ನು ಕೊಳ್ಳದೆ ಉಪಾಯವಿಲ್ಲ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ, ಇಬ್ಬರೂ ಭಾನುವಾರ ಒಂದೇ ಬಲಿಪೂಜೆಗೆ ಬರುತ್ತಾರೆ. ಪಾಲಕರ ಸಭೆಯಲ್ಲಿ ಮಕ್ಕಳ ಅಂಕದ ವಿಚಾರ ಮುಗಿದ ಮೇಲೆ ಎದ್ದು ನಿಂತು ಕೇಳಬಹುದಾದ ಪ್ರಶ್ನೆಗಳು ಕೆಲವಿವೆ. ಪುಸ್ತಕದಲ್ಲಿ ಬರೆಯುವ ಬದಲು ನೋಟಿನಲ್ಲಿ ಬರೆಸಿದರಾಗದೇ? ಪ್ರಕಾಶಕರನ್ನು ಕನಿಷ್ಠ ಐದು ವರ್ಷ ಬದಲಿಸದೆ ಇರಬಹುದೇ? ಬೇಸಿಗೆ ರಜೆಗೆ ಮುಂಚೆ ಶಾಲೆಯ ಸಭಾಂಗಣದಲ್ಲಿ ಒಂದು ದಿನ ಹಳೆಯ ಪುಸ್ತಕ, ಸಮವಸ್ತ್ರ, ಚೀಲಗಳ ವಿನಿಮಯಕ್ಕೆ ಅವಕಾಶ ಕೊಡುವಿರಾ? ಕಳೆದ ವರ್ಷದ ಖಾಲಿ ಹಾಳೆಗಳನ್ನು ಹೊಲಿದು ತಂದರೆ ಒಪ್ಪುವಿರಾ? ಇವಕ್ಕೆ ಹಣ ಬೇಕಿಲ್ಲ, ಒಬ್ಬ ಸಂಚಾಲಕರ ಸಹಿ ಸಾಕು. ಮುಂದಿನ ವರ್ಷದ ಪುಸ್ತಕದ ಪಟ್ಟಿ ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಅಚ್ಚಾಗಿಬಿಟ್ಟಿರುತ್ತದೆ. ಆದ್ದರಿಂದ ನಿಮ್ಮ ಪತ್ರ ಜನವರಿಯಲ್ಲೇ ಶಾಲೆಯ ಕಚೇರಿ ತಲುಪುವುದು ಒಳ್ಳೆಯದು.